ಷಡ್ಡಕನ ಏಣಿ, ಸೈಲಾವನ ಹಾವು

ನಮ್ಮೂರು ಕರಗಂದಾದ ಚಳಿಯ ವಿಷಯದಲ್ಲಿ ನಾನು ಉತ್ಪ್ರೇಕ್ಷೆ ಮಾಡುತ್ತೇನೆಂದು ಹೇಳುವವರಿದ್ದಾರೆ. ಅವರ ಮೀಸೆ ಇನ್ನೂ ಮುಖದ ಮೇಲಿದೆ, ಅದಕ್ಕೇ ಹಾಗೆ ಹೇಳುತ್ತಾರೆ. ನನ್ನ ಮೀಸೆಯ ಎಡಭಾಗ ಒಂದು ಜನವರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಚಟ್ ಎಂದು ಮುರಿದು ಬಿತ್ತು. ಬಲಭಾಗವನ್ನು ಮನೆಗೆ ಬಂದು ನಾನೇ ಬೋಳಿಸಿಕೊಂಡೆ. ಮುಖ ಒಂದೇ ಕಡೆ ವಾಲಬಾರದಲ್ಲ. ಇಂಥ ಊರಿನಲ್ಲಿ, ಇಂಥ ಚಳಿಯಲ್ಲಿ, ಹೋದ ವರ್ಷ ಒಬ್ಬನೇ ಒಬ್ಬ ಮನುಷ್ಯ ಒಳಗಿನಿಂದ ಧಗಧಗ ಉರಿಯುತ್ತ ಓಡಾಡಿಕೊಂಡಿದ್ದ. ಅವನೇ ನನ್ನ ಹಿರಿಯ ಷಡ್ಡಕ ಸೈಲಾವ್. ಅವನೊಳಗೆ ಹೊತ್ತಿಕೊಂಡಿದ್ದ ಒಲೆಗೆ ಹೊಟ್ಟೆಕಿಚ್ಚು ಎಂದು ಹೆಸರು.

ನಮ್ಮ ಭಾಷೆಯಲ್ಲಿ ಸೈಲಾವ್ ಎಂದರೆ ಚುನಾವಣೆ. ಮತದಾನದ ದಿನ ಹುಟ್ಟಿದ ಗಂಡುಮಕ್ಕಳಿಗೆ ಆ ಹೆಸರಿಡುವುದು ಆ ಕಾಲದ ವಾಡಿಕೆ. ಹುಟ್ಟಿದ್ದು ಚುನಾವಣೆಯ ದಿನವೇ ಆದರೂ ಅಂದಿನಿಂದ ಇಂದಿನವರೆಗೆ ಅವನು ಏನನ್ನೂ ಗೆದ್ದವನಲ್ಲ. ಹೆಂಡತಿಯ ಜೊತೆ ವಾದದಲ್ಲಿ ಗೆದ್ದಿಲ್ಲ, ಬಜಾರಿನ ಚೌಕಾಸಿಯಲ್ಲಿ ಗೆದ್ದಿಲ್ಲ, ಇಸ್ಪೀಟಿನಲ್ಲಿ ಅತ್ತೆಯ ಎದುರು ಗೆದ್ದಿಲ್ಲ. ಈ ಕಥೆ ನಡೆದದ್ದೇ ಆ ಅತ್ತೆಗಾಗಿ.

ನಮ್ಮ ಅತ್ತೆ ಕುಲ್ಪಾಶ್ ಅವರಿಗೆ ಗಂಡುಮಕ್ಕಳಿಲ್ಲ. ಮೂವರು ಹೆಣ್ಣುಮಕ್ಕಳು, ಆದ್ದರಿಂದ ನಾವು ಮೂವರು ಷಡ್ಡಕರು. ಹಿರಿಯವಳು ಬಾಲ್ಕಿಯಾ ಸೈಲಾವನ ಪಾಲಿಗೆ, ನಡುವಿನವಳು ನನ್ನ ಪಾಲಿಗೆ, ಕಿರಿಯವಳು ರಿಸ್ತಿ ಎರ್ಮೆಕನ ಪಾಲಿಗೆ ಬಂದರು. ಅತ್ತೆಯನ್ನು ಮಕ್ಕಳೂ ಅಳಿಯಂದಿರೂ ಅಪಾ ಎಂದೇ ಕರೆಯುವುದು. ಅಪಾ ಬೇಸಿಗೆಯನ್ನು ಹಳ್ಳಿಯಲ್ಲಿ ಕಳೆದು, ಮೊದಲ ಹಿಮ ಬಿದ್ದ ಕೂಡಲೇ ಗಂಟು ಕಟ್ಟಿಕೊಂಡು ಸೈಲಾವನ ಮನೆಗೆ ಬಂದುಬಿಡುತ್ತಿದ್ದರು. ನಾನೂ ಅದೇ ಕಟ್ಟಡದಲ್ಲೇ ಇರುವವನು, ಆದರೆ ನನ್ನ ಮನೆಗೆ ಬರುವುದಿಲ್ಲ. "ಕೈರೊಲ್ಲಾನ ಮಾತು ಕೇಳಿದ ಮೇಲೆ ಮತ್ತೆ ಕಿವಿ ತೊಳ್ಕೊಂಡೇ ನಮಾಜಿಗೆ ನಿಲ್ಲಬೇಕು," ಎನ್ನುತ್ತಾರೆ. ನನ್ನಷ್ಟು ಚೆನ್ನಾಗಿ ಮಾತಾಡುವವರನ್ನು ಕಂಡರೆ ಜನಕ್ಕೆ ಆಗುವುದಿಲ್ಲ, ಅದು ಲೋಕದ ರೀತಿ.

ದಿನವೂ ಸಂಜೆ ಚಹಾ ಮುಗಿದ ಮೇಲೆ ಅಪಾ ಮತ್ತು ಸೈಲಾವ್ ಇಸ್ಪೀಟಿಗೆ ಕೂರುತ್ತಿದ್ದರು. ಆ ಆಟಕ್ಕೆ ನಮ್ಮಲ್ಲಿ ದಡ್ಡನಾಟ ಎಂದೇ ಹೆಸರು. ಕೊನೆಗೆ ಯಾರ ಕೈಯಲ್ಲಿ ಎಲೆ ಉಳಿಯುತ್ತದೋ ಅವರು ದಡ್ಡರು. ಅಷ್ಟು ಚಳಿಗಾಲಗಳಲ್ಲಿ ಅಪಾ ಒಂದು ಸಲವೂ ದಡ್ಡರಾಗಲಿಲ್ಲ. "ಏನಪ್ಪಾ ದಡ್ಡ, ಇವತ್ತಿಗೆ ಸಾಕಾ?" ಎಂದು ಅವರ ಬಾಯಿಂದ ಕೇಳದೆ ಸೈಲಾವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಎಲ್ಲವೂ ಸುಖವಾಗಿದ್ದಾಗ ಎರ್ಮೆಕ್ ಊರಾಚೆ ಮನೆ ಕಟ್ಟಿಸಿದ.

ಗೃಹಪ್ರವೇಶಕ್ಕೆ ಎಲ್ಲರೂ ಹೋದೆವು. ಸೈಲಾವ್ ಬಾಗಿಲಲ್ಲಿ ಬೂಟು ಬಿಚ್ಚಿ, ಮನೆಯೊಳಗೆ ಹಾಕಿಕೊಳ್ಳಲು ಚಪ್ಪಲಿ ಕೊಡುತ್ತಾರೆಂದು ಕಾಯುತ್ತ ನಿಂತ. ಅತಿಥಿಗೆ ಚಪ್ಪಲಿ ಕೊಡದ ಮನೆ ನಮ್ಮ ದೇಶದಲ್ಲೇ ಇಲ್ಲ. ಅವನ ಕಾಲುಚೀಲದಲ್ಲಿ ಹೆಬ್ಬೆರಳು ಗಾತ್ರದ ತೂತಿತ್ತು, ಹೆಬ್ಬೆರಳೂ ಅದರಲ್ಲೇ ಇತ್ತು.

"ಚಪ್ಪಲಿ ಕೊಡಪ್ಪಾ," ಎಂದ.

"ನಮ್ಮನೇಲಿ ಚಪ್ಪಲಿ ಇಟ್ಟಿಲ್ಲ ಷಡ್ಡಕ್ರೇ. ಕಾಲಿಟ್ಟು ನೋಡಿ. ನೆಲವೇ ಚಪ್ಪಲಿ," ಎಂದ ಎರ್ಮೆಕ್.

ಸೈಲಾವ್ ಕಾಲಿಟ್ಟ. ನೆಲ ಆಗ ತಾನೇ ತಂದೂರಿನಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಮನೆಯ ತುಂಬ ನೆಲದಡಿಯಲ್ಲಿ ಬಿಸಿನೀರಿನ ಕೊಳವೆ ಓಡಿಸಿದ್ದಾನಂತೆ. ಸೈಲಾವನ ಮುಖ ನೋಡಿದರೆ ಕೆಂಡದ ಮೇಲೆ ನಿಂತವನ ಹಾಗಿತ್ತು.

"ಇದೇನು ಮಹಾ, ಬಚ್ಚಲುಮನೆ ನೋಡಿ ಬನ್ನಿ," ಎಂದು ಎರ್ಮೆಕ್ ನಮ್ಮನ್ನೆಲ್ಲ ಮೆರವಣಿಗೆಯಲ್ಲಿ ಕರೆದೊಯ್ದ. ಅಲ್ಲಿ ಗೋಡೆಗೆ ಒಂದು ಏಣಿ. ಮನುಷ್ಯನೆತ್ತರ, ಕನ್ನಡಿಯಂಥ ಹೊಳಪು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬಿಳಿ ಟವೆಲ್. ಮೆಟ್ಟಿಲುಗಳೊಳಗೆ ಬಿಸಿನೀರು ಹರಿಯುತ್ತದೆ, ಟವೆಲ್ ಒಣಗುತ್ತದೆ, ಬಿಸಿಯೂ ಆಗುತ್ತದೆ. ನಾನು ಒಂದು ಟವೆಲ್ ಮುಟ್ಟಿದೆ. ಇಸ್ತ್ರಿ ಮುಟ್ಟಿದ ಹಾಗಾಗಿ ಬೆರಳಿನ ಚರ್ಮ ಎದ್ದು ಬಂತು. ಈಗ ಗುರುತಿಲ್ಲ, ಆಗ ಬಂದಿತ್ತು.

"ನೆಲಕ್ಕೇ ಬೇರೆ ದಾರಿ, ಏಣಿಗೇ ಬೇರೆ ದಾರಿ. ಬೇಸಿಗೇಲಿ ನೆಲ ಆರಿಸಿದ್ರೂ ಏಣಿ ಬಿಸಿಯಾಗೇ ಇರುತ್ತೆ," ಎಂದ ಎರ್ಮೆಕ್.

"ಬೇಸಿಗೇಲಿ ಬಿಸಿ ಟವೆಲ್ ಯಾವನಿಗೆ ಬೇಕು?" ಎಂದ ಸೈಲಾವ್.

"ಇರೋರಿಗೆ ಗೊತ್ತಾಗುತ್ತೆ ಬಿಡಿ."

ಅಷ್ಟರಲ್ಲಿ ಪ್ರಾರ್ಥನೆಯ ಹೊತ್ತಾಯಿತು. ಅಪಾ ಕೈಕಾಲು ತೊಳೆಯಲು ಅದೇ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ದಿನಕ್ಕೆ ಐದು ಹೊತ್ತು, ಐದು ಸಲ ಪಾದ ತೊಳೆಯಬೇಕು. ಸೈಲಾವನ ಬಚ್ಚಲಿನಲ್ಲಿ ಅವರು ಒಂದು ಪಾದ ತೊಳೆದು ಇನ್ನೊಂದು ಪಾದದ ಮೇಲೆ ಕೊಕ್ಕರೆಯಂತೆ ಕುಪ್ಪಳಿಸುತ್ತ, "ಯಾ ಅಲ್ಲಾ, ಯಾ ಅಲ್ಲಾ," ಎನ್ನುತ್ತಿದ್ದುದು ಭಕ್ತಿಯಿಂದಷ್ಟೇ ಅಲ್ಲ. ಇಲ್ಲಿ ಒಳಗಿನಿಂದ ಸದ್ದೇ ಇಲ್ಲ. ಪರಾತದಲ್ಲಿ ಬೇಯಿಸಿದ ಮಾಂಸ ಆರುತ್ತಿದೆ, ಹಿರಿಯರ ಆಶೀರ್ವಾದವಿಲ್ಲದೆ ಯಾರೂ ಕೈಹಾಕುವಂತಿಲ್ಲ. ಕುದುರೆಯ ಕೊಬ್ಬು ತಟ್ಟೆಯಲ್ಲಿ ಹೆಪ್ಪುಗಟ್ಟಿ ಅದರ ಮೇಲೆ ಮಕ್ಕಳು ಜಾರಾಟ ಆಡಬಹುದು ಎನ್ನುವ ಹೊತ್ತಿಗೆ ಬಾಗಿಲು ತೆರೆಯಿತು. ಅಪಾ ಹೊರಗೆ ಬಂದರು. ಕೆನ್ನೆ ಕೆಂಪಗೆ, ಭುಜದ ಮೇಲೆ ಬಿಸಿ ಟವೆಲ್, ವಯಸ್ಸಿನಲ್ಲಿ ಅರ್ಧ ಇಳಿದಿತ್ತು.

"ಸೈಲಾವ್, ನೀವು ಹೊರಡಿ ಮಗಾ. ನಾನು ಎರಡು ದಿನ ಇಲ್ಲೇ ಇದ್ದು ಬರ್ತೀನಿ," ಎಂದರು.

"ಅಪಾ, ಮತ್ತೆ ಇಸ್ಪೀಟು?"

"ಇಸ್ಪೀಟು ಓಡಿಹೋಗುತ್ತಾ?"

ಎರಡು ದಿನ ಎಂದರೆ ಎರಡು ವಾರವಾಯಿತು. ಸೈಲಾವ್ ದಿನವೂ ಫೋನು ಮಾಡುವನು. ಎತ್ತುವವನು ಎರ್ಮೆಕ್. "ಅಪಾ ಬಚ್ಚಲಲ್ಲಿದಾರೆ ಷಡ್ಡಕ್ರೇ," ಎನ್ನುವನು. ಆ ಮಾತಿನಲ್ಲಿ ಎಷ್ಟು ಜೇನು ಸುರಿಯುತ್ತಿತ್ತೆಂದರೆ ಸೈಲಾವ್ ಫೋನನ್ನು ಒರೆಸಿ ಇಡಬೇಕಾಗುತ್ತಿತ್ತು. ಸಂಜೆ ಬಾಲ್ಕಿಯಾ ಇಸ್ಪೀಟಿಗೆ ಕೂತು, ಪಾಪ ಗಂಡ ಎಂದು ಬೇಕೆಂದೇ ಸೋತಳು. ಸೈಲಾವ್ ಎಲೆಗಳನ್ನು ಮೇಜಿನ ಮೇಲೆ ಚೆಲ್ಲಿದ.

"ಹಿಂಗೆ ಗೆಲ್ಲೋದು ಒಂದು ಗೆಲುವಾ?" ಎಂದ. "ನನಗೆ ಅಪಾನೇ ಬೇಕು."

"ಅತ್ತೆ ಮನೇಲಿಲ್ಲ ಅಂತ ಅಳೋ ಅಳಿಯನ್ನ ನಾನಿಲ್ಲೇ ನೋಡಿದ್ದು," ಎಂದು ಬಾಲ್ಕಿಯಾ ನನ್ನ ಕಡೆ ತಿರುಗಿದಳು. "ಕೈರೊಲ್ಲಾ, ಇವರಿಗೆ ನೀನಾದ್ರೂ ಬುದ್ಧಿ ಹೇಳು."

ಬುದ್ಧಿ ಕೇಳಿದವರಿಗೆ ಇಲ್ಲ ಎಂದು ನಾನು ಯಾವತ್ತೂ ಕಳಿಸಿಲ್ಲ. ಕರಗಂದಾದ ಅರ್ಧ ಕೊಳವೆಗಳನ್ನು ಹಾಕಿದವನೇ ನಾನು. ಉಳಿದರ್ಧ ನನ್ನ ಸಲಹೆ ಕೇಳಿ ಹಾಕಿದ್ದು. ಅವನನ್ನು ಅವನದೇ ಬಚ್ಚಲುಮನೆಗೆ ಕರೆದೊಯ್ದೆ. ನಮ್ಮ ಒಂಬತ್ತು ಮಹಡಿಯ ಕಟ್ಟಡದಲ್ಲಿ ಬಿಸಿನೀರಿನ ಕೊಳವೆ ಮೇಲಿಂದ ಕೆಳಕ್ಕೆ ಇಳಿಯುತ್ತ, ಒಂದೊಂದು ಮನೆಯ ಬಚ್ಚಲ ಗೋಡೆಯ ಮೇಲೂ ಒಂದೆರಡು ಸಲ ಬಳುಕಿ ಮುಂದೆ ಹೋಗುತ್ತದೆ. ಆ ಬಳುಕಿನ ಮೇಲೆ ಟವೆಲ್ ಒಣಹಾಕುತ್ತೇವೆ. ಅದಕ್ಕೆ ಎಲ್ಲರೂ ಹಾವು ಎನ್ನುತ್ತಾರೆ. ಎರ್ಮೆಕನ ಮನೆಯಲ್ಲಿ ಏಣಿ, ಸೈಲಾವನ ಮನೆಯಲ್ಲಿ ಹಾವು. ಹೀಗಿರುವಾಗ ಯಾರು ಮೇಲೇರುತ್ತಾರೆ, ಯಾರು ಕೆಳಗಿಳಿಯುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

"ಈ ಹಾವಿನ ಬಾಲ ಹಿಡಿದು ನೆಲದಡಿಗೆ ಎಳ್ಕೊಂಡು ಹೋದ್ರಾಯ್ತು. ಅಲ್ಲಿ ನಾಲ್ಕು ಸುತ್ತು ಸುತ್ತಿಸಿ ವಾಪಸ್ ಗೋಡೆಗೆ ಬಿಡು. ನೆಲಾನೂ ಬಿಸಿ, ಟವೆಲ್ಲೂ ಬಿಸಿ," ಎಂದೆ.

"ಹಂಗೆ ಮಾಡೋಕೆ ಬಿಡ್ತಾರಾ?"

"ಬಿಡಲ್ಲ. ಅದಕ್ಕೇ ಯಾರಿಗೂ ಹೇಳಬಾರದು."

ಈ ಕೊನೆಯ ಮಾತು ಹೇಳಬಾರದಿತ್ತೋ ಏನೋ. ಗುಟ್ಟು ಕಾಪಾಡುವುದರಲ್ಲಿ ಸೈಲಾವನಷ್ಟು ಕೆಟ್ಟ ಕೈ ಮತ್ತೊಬ್ಬರದಿಲ್ಲ. ಬಜಾರಿನಲ್ಲಿ ಹೊಳೆಯುವ ಹೊಸ ಹಾವೊಂದನ್ನೂ ನೆಲದಡಿಗೆ ಕೊಳವೆಯ ಸುರುಳಿಯೊಂದನ್ನೂ ಕೊಂಡು, ಎರಡನ್ನೂ ಮಗುವನ್ನು ಸುತ್ತುವಂತೆ ಹತ್ತಿಯ ರಜಾಯಿಯಲ್ಲಿ ಸುತ್ತಿದ. ಲಿಫ್ಟು ಕೆಟ್ಟಿತ್ತು. ಆ ತುದಿ ಅವನು, ಈ ತುದಿ ನಾನು ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಏಳನೇ ಮಹಡಿಯ ಗೆರ್ಬೆರ್ ಎದುರಾದ. ನಿವೃತ್ತ ಗಣಿ ಕೆಲಸಗಾರ, ಜರ್ಮನ್ ಮನೆತನದ ಮುದುಕ. ಸೈಲಾವ್ ಇರುವುದು ಅವನ ನೆತ್ತಿಯ ಮೇಲೆಯೇ, ಎಂಟನೇ ಮಹಡಿಯಲ್ಲಿ.

"ಏನಪ್ಪಾ ಅದು?" ಎಂದ ಗೆರ್ಬೆರ್.

"ಅತ್ತೆ ಹಾಸಿಗೆ," ಎಂದ ಸೈಲಾವ್.

ರಜಾಯಿಯ ಮೂಲೆಯಿಂದ ಬಳುಕಿದ ಕೊಳವೆಯ ತುದಿ ಇಣುಕುತ್ತಿತ್ತು. ಗೆರ್ಬೆರ್ ಅದನ್ನು ನೋಡಿದ, ಸೈಲಾವನ ಬೆವರು ನೋಡಿದ, ನನ್ನ ಕಡೆ ಒಂದು ಕಣ್ಣು ಮಿಟುಕಿಸಿದ.

"ಓಹೋ, ಹಾವು," ಎಂದು ಮೆಲ್ಲಗೆ ನುಡಿದು ದಾರಿ ಬಿಟ್ಟ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಹಾವು ಎಂದರೆ ಎರಡು. ಬಚ್ಚಲಿನಲ್ಲಿ ಟವೆಲ್ ಒಣಗಿಸುವುದೂ ಹಾವೇ. ಕಳ್ಳಭಟ್ಟಿಯವರು ಸಾರಾಯಿ ಇಳಿಸಲು ಹಂಡೆಗೆ ಜೋಡಿಸುವ ಸುರುಳಿ ಕೊಳವೆಯೂ ಹಾವೇ. ನೀರಿನ ಬಿಸಿ ಅಳೆಯುವುದೂ ಡಿಗ್ರಿಯಲ್ಲಿ, ಸಾರಾಯಿಯ ಕಡು ಅಳೆಯುವುದೂ ಡಿಗ್ರಿಯಲ್ಲೇ. ಬಚ್ಚಲಿನ ಹಾವು ಕೊಂಡವರು ಅದನ್ನು ಎಲ್ಲರೂ ನೋಡಲಿ ಎಂದು ಹೆಗಲ ಮೇಲೆ ಹೊತ್ತು ತರುತ್ತಾರೆ. ರಜಾಯಿಯಲ್ಲಿ ಸುತ್ತಿ ತರುವ ಹಾವು ಯಾವುದು ಎಂಬುದು ಕರಗಂದಾದ ಹಸುಗೂಸಿಗೂ ಗೊತ್ತು.

ನೆಲ ಅಗೆದೆವು, ಕೊಳವೆ ಸುತ್ತಿಸಿದೆವು, ಸಿಮೆಂಟು ಹಾಕಿದೆವು. ಅದು ಒಣಗುವವರೆಗೆ ಸೈಲಾವ್ ಸ್ನಾನಕ್ಕೆ ನನ್ನ ಮನೆಗೆ ಬರುತ್ತಿದ್ದ, ಮತ್ತು ಕೇಳಿದವರಿಗೆಲ್ಲ, "ಬಚ್ಚಲಲ್ಲಿ ಸ್ವಲ್ಪ ಕೆಲಸ, ಏನೂ ಇಲ್ಲ, ಏನೇನೂ ಇಲ್ಲ," ಎನ್ನುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ನೀರು ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ನೆಲ ಬೆಚ್ಚಗಾಯಿತು. ಸೈಲಾವ್ ಅದರ ಮೇಲೆ ಅಂಗಾತ ಮಲಗಿದ, ಆಮೇಲೆ ಬೋರಲಾಗಿ ಮಲಗಿದ. ಬಾಲ್ಕಿಯಾ ಬಾಗಿಲು ತಟ್ಟಿದರೂ ಏಳಲಿಲ್ಲ. ವಾರದ ಕೊನೆಗೆ ಅಪಾ ಅವರನ್ನು ಕರೆತರುವುದೆಂದು ನಿಶ್ಚಯವಾಯಿತು.

ಮಾರನೆಯ ಸಂಜೆ ನಾವು ಚಹಾ ಕುಡಿಯುತ್ತಿದ್ದಾಗ ಗೆರ್ಬೆರ್ ಬಂದ. ಮನೆಯೊಳಗೂ ಕೋಟು ಬಿಚ್ಚಲಿಲ್ಲ. ಕೋಟಿನೊಳಗೆ ಮೂರು ಲೀಟರಿನ ಗಾಜಿನ ಜಾಡಿಯ ಆಕಾರ ಉಬ್ಬಿಕೊಂಡು, ತಿಂಗಳು ತುಂಬಿದ ಬಸುರಿಯಂತೆ ಕಾಣುತ್ತಿದ್ದ.

"ಸೈಲಾವ್, ಹಾವು ಹೆಂಗೆ ಕೆಲಸ ಮಾಡ್ತಿದೆ?" ಎಂದ.

ಸೈಲಾವ್ ಬಿಳಿಚಿಕೊಂಡ. "ನಿಮಗೆ ಯಾರು ಹೇಳಿದ್ರು ಅಣ್ಣಾ?"

"ಮೆಟ್ಟಿಲಿಗೆಲ್ಲ ಗೊತ್ತು. ಹೆದರಬೇಡ, ನಾನೇನು ಪೊಲೀಸಿಗೆ ಹೇಳೋನಾ. ನಮ್ಮ ಕಾಲದಲ್ಲಿ ನಾನೂ ಇಟ್ಟಿದ್ದೆ."

"ಹೌದಾ? ಬಚ್ಚಲಲ್ಲೇನಾ?"

"ಅಡುಗೆಮನೇಲಿ."

"ಅಡುಗೆಮನೇಲಿ ಯಾಕೆ ಇಟ್ರಿ?"

"ಒಲೆ ಅಲ್ಲೇ ಅಲ್ವೇನಯ್ಯಾ ಇರೋದು. ಸರಿ, ಎಷ್ಟು ಡಿಗ್ರಿ ಬರ್ತಿದೆ?"

"ನಲವತ್ತು."

"ಹದವಾಗಿದೆ. ಜಾಸ್ತಿ ಮಾಡೋಕೆ ಹೋಗಬೇಡ."

"ಇಲ್ಲ ಇಲ್ಲ. ಜಾಸ್ತಿ ಆದ್ರೆ ನಿಲ್ಲಕ್ಕಾಗಲ್ಲ."

"ನಿಜ ಕಣೋ, ನಿಲ್ಲಕ್ಕಾಗಲ್ಲ," ಎಂದು ಗೆರ್ಬೆರ್ ಹಳೆಯ ದಿನಗಳನ್ನು ನೆನೆದು ತಲೆದೂಗಿದ. "ಹತ್ತೋದು ಹೆಂಗೆ?"

"ಮೊದಲು ಪಾದಕ್ಕೆ ಗೊತ್ತಾಗುತ್ತೆ ಅಣ್ಣಾ. ಆಮೇಲೆ ಮೊಣಕಾಲು. ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹತ್ತುತ್ತೆ. ನಿನ್ನೆ ನಾನು ನೆಲದ ಮೇಲೇ ಮಲಗಿಬಿಟ್ಟೆ. ಇವಳು ಬಾಗಿಲು ಬಡಿದ್ರೂ ಏಳೋಕೆ ಮನಸ್ಸಾಗಲಿಲ್ಲ."

"ಅಬ್ಬಬ್ಬಾ," ಎಂದ ಗೆರ್ಬೆರ್, ಕೋಟಿನ ಗುಂಡಿಗೆ ಕೈಹಾಕುತ್ತ.

"ಆದ್ರೆ ಇದೆಲ್ಲ ನನಗಲ್ಲ. ಅತ್ತೆಗೋಸ್ಕರ ಮಾಡಿದ್ದು."

ಗುಂಡಿಯ ಮೇಲಿದ್ದ ಕೈ ನಿಂತಿತು. "ಕುಲ್ಪಾಶ್ ಅಮ್ಮನಿಗೆ?"

"ದಿನಕ್ಕೆ ಐದು ಸಲ ಬೇಕು ಅವರಿಗೆ. ಪ್ರತಿ ನಮಾಜಿಗೂ ಮುಂಚೆ. ಬೆಳಕು ಹರಿಯೋಕೆ ಮುಂಚೆ ಒಂದು ಸಲ ಆಗಲೇಬೇಕು. ಇಲ್ಲಿ ಸಿಗಲ್ಲ ಅಂತಾನೇ ಆ ಎರ್ಮೆಕನ ಮನೇಲಿ ಹೋಗಿ ಕೂತುಬಿಟ್ಟಿದಾರೆ. ಅವನ ಮನೇಲಿ ಏಣಿಗಟ್ಟಲೆ ಇದೆ."

ಗೆರ್ಬೆರ್ ಎದ್ದು, ಜಾಡಿಯನ್ನು ಹೊಟ್ಟೆಗೆ ಅವುಚಿಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಹೊರಟುಹೋದ. ಎಲ್ಲಿ ಯಾವ ಮಾತು ಯಾವ ಮಾತಿಗೆ ಸಿಕ್ಕಿಕೊಂಡಿತೆಂದು ನನಗೆ ನಲವತ್ತು ಡಿಗ್ರಿ ಎಂದಾಗಲೇ ಗೊತ್ತಾಗಿತ್ತು. ಸರಿಪಡಿಸಬಹುದಿತ್ತು. ಆದರೆ ನನ್ನ ಬಾಯಲ್ಲಿ ಬಾಲ್ಕಿಯಾ ಕರಿದಿಟ್ಟ ಬೌರ್ಸಾಕ್ ಇತ್ತು. ಬಾಯಲ್ಲಿ ತಿಂಡಿ ಇಟ್ಟುಕೊಂಡು ಮಾತಾಡುವ ಅಭ್ಯಾಸ ನನ್ನದಲ್ಲ.

ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಗೆರ್ಬೆರ್ ಹೇಳಿದ್ದು ಇಷ್ಟೇ: "ಪಾಪ, ಒಳ್ಳೆ ಮನುಷ್ಯ, ಕೈ ಮೀರಿಹೋದ. ಅತ್ತೆ ನಮಾಜಿಗೆ ಮುಂಚೆ ಏರಿಸ್ತಾರೆ ಅಂತಾನೆ. ಇನ್ನು ಸ್ವಲ್ಪ ದಿನದಲ್ಲಿ ಆ ಹಾವೇ ನನ್ನ ಜೊತೆ ಮಾತಾಡ್ತು ಅಂತಾನೆ."

ನಾನಂತೂ ಈ ವಿಷಯ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದೆ, ಅದೂ ಕೇಳಲು ಚೆನ್ನಾಗಿರಲಿ ಎಂದು ಸ್ವಲ್ಪ ಒಗ್ಗರಣೆ ಹಾಕಿ. ಅವಳು ಯಾರಿಗೂ ಹೇಳಲಿಲ್ಲ, ತಂಗಿ ರಿಸ್ತಿಗೆ ಫೋನು ಮಾಡಿದಳು. ರಿಸ್ತಿಯ ಕೈ ಹಿಟ್ಟಾಗಿತ್ತಂತೆ, ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಕೇಳುತ್ತಿದ್ದಳು. ಎದುರಿಗೆ ಅಪಾ ಕೂತಿದ್ದರು. ಹೀಗೆ ನಮ್ಮ ಹಿರಿಯ ಅಳಿಯ ಹಗಲೂ ರಾತ್ರಿ ಬಚ್ಚಲ ನೆಲದ ಮೇಲೆ ಮಲಗಿ ಹಾವಿನ ಬಾಯಿಗೆ ಬಾಯಿಟ್ಟು ಕುಡಿಯುತ್ತಾನೆಂದು, ಹೆಂಡತಿ ಬಾಗಿಲು ಬಡಿದರೂ ತೆರೆಯುವುದಿಲ್ಲವೆಂದು, ಯಾರ ಬಾಯಿಂದಲೂ ಹೊರಗೆ ಹೋಗದ ಸುದ್ದಿ ಅಪಾ ಅವರ ಕಿವಿಗೆ ಮುಟ್ಟಿತು.

ಇತ್ತ ಕಟ್ಟಡದಲ್ಲಿ ಇನ್ನೊಂದು ಅನಾಹುತ. ಬಿಸಿನೀರು ಮೇಲಿಂದ ಕೆಳಕ್ಕೆ ಇಳಿಯುವುದಷ್ಟೇ. ಸೈಲಾವನ ನೆಲದಡಿಯ ಸುತ್ತುಗಳಲ್ಲಿ ಅದು ತನ್ನ ಬಿಸಿಯನ್ನೆಲ್ಲ ಕೊಟ್ಟು, ಅಲ್ಲಿಂದ ಕೆಳಗೆ ಉಗುರು ಬೆಚ್ಚಗೂ ಇಲ್ಲದೆ ಇಳಿಯತೊಡಗಿತು. ಏಳನೇ ಮಹಡಿಯಿಂದ ಕೆಳಗಿನ ಬಚ್ಚಲುಗಳಲ್ಲಿ ಹಾವುಗಳೆಲ್ಲ ಸತ್ತು ತಣ್ಣಗಾದವು. ಟವೆಲ್ ಒಣಗುವುದಿಲ್ಲ, ಮಕ್ಕಳ ಕಾಲುಚೀಲ ಒಣಗುವುದಿಲ್ಲ. ಬಾಲ್ಕನಿಯಲ್ಲಿ ಒಣಹಾಕಿದ ಟವೆಲ್ ಹಲಗೆಯಾಗಿ, ಐದನೇ ಮಹಡಿಯ ಹೆಂಗಸೊಬ್ಬಳು ಅದನ್ನು ಇಸ್ತ್ರಿಮೇಜಿನ ಬದಲಿಗೆ ಬಳಸಿದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಟ್ಟಡದ ಸಂಘದ ಅಧ್ಯಕ್ಷೆ ನೆಲ್ಲಿ ಅರ್ಕಾದ್ಯೆವ್ನಾ ನರಿಯ ತುಪ್ಪಳದ ಟೋಪಿ ಹಾಕಿಕೊಂಡು ಮೆಟ್ಟಿಲ ಮೇಲೆ ಸಭೆ ಸೇರಿ​ಸಿದರು.

"ಒಂಬತ್ತನೇದರಲ್ಲಿ ಬಿಸಿ ಇದೆ. ಏಳನೇದರಲ್ಲಿ ಇಲ್ಲ. ನಡುವೆ ಯಾರಿದಾರೆ? ಸೈಲಾವ್. ಅವನ ಮನೇಲಿ ಏನು ನಡೀತಿದೆ ಅಂತ ನಾನು ಹೇಳಬೇಕಾಗಿಲ್ಲ," ಎಂದರು. "ನಿಮ್ಮ ಟವೆಲ್ಲಿನ ಬಿಸೀನೆಲ್ಲ ತನ್ನ ಹಂಡೆಗೆ ಎಳ್ಕೊಂಡಿದಾನೆ. ಏಳು ಮನೆ ಬಿಸಿ ಬೇಕು ಅಂದ್ರೆ ಯೋಚನೆ ಮಾಡಿ. ಬಾಟಲಿ ಲೆಕ್ಕ ಅಲ್ಲ ಇದು, ಪೀಪಾಯಿ ಲೆಕ್ಕ."

ಪೀಪಾಯಿ ಎಂದ ಕೂಡಲೇ ಗಂಡಸರಲ್ಲಿ ಸಣ್ಣ ಸಂಚಲನವಾಯಿತು. ಅಧ್ಯಕ್ಷೆ ಪೊಲೀಸಿಗೆ ಫೋನು ಮಾಡಿದರು. ನಮ್ಮ ಬೀದಿಯ ಪೊಲೀಸ್ ಬೆಕ್ಸುಲ್ತಾನ್ ರೆಪ್ಪೆಯ ಮೇಲೆ ಹಿಮ ಕಟ್ಟಿಕೊಂಡೇ ಬಂದ. ಅವನ ಹಿಂದೆ ಎಲ್ಲರೂ ಎಂಟನೇ ಮಹಡಿಗೆ ಹತ್ತಿದರು. ಹೆಂಗಸರ ಕೈಯಲ್ಲಿ ಸಾಕ್ಷಿಗೆಂದು ಒದ್ದೆ ಟವೆಲ್, ಗಂಡಸರ ಕೋಟಿನೊಳಗೆ ಆಸೆಗೆಂದು ಖಾಲಿ ಜಾಡಿ.

ಬಾಗಿಲ ಕಿಂಡಿಯಲ್ಲಿ ಪೊಲೀಸ್ ಟೋಪಿ ಕಂಡದ್ದೇ ಸೈಲಾವನ ಎದೆ ಹಾರಿತು. ಬಾಲ್ಕಿಯಾ ಹೆದರಿ, ಹೃದಯದ ಹನಿಮದ್ದನ್ನು ಹನಿ ಎಣಿಸುವಷ್ಟು ತಾಳ್ಮೆಯಿಲ್ಲದೆ ಶೀಶೆಯನ್ನೇ ಅವನ ಗಂಟಲಿಗೆ ಬಗ್ಗಿಸಿದಳು. ಆ ಮದ್ದು ತಯಾರಿಸುವುದು ಸ್ಪಿರಿಟ್ಟಿನಲ್ಲಿ. ಅದರ ವಾಸನೆ ಮೂರು ಕೋಣೆ ದಾಟುತ್ತದೆ.

"ಹಾವು ಎಲ್ಲಿದೆ?" ಎಂದ ಬೆಕ್ಸುಲ್ತಾನ್.

"ಬಚ್ಚಲಲ್ಲಿ ಸಾರ್. ನಂದೇ ತಪ್ಪು ಸಾರ್. ನಾನೇ ಜೋಡಿಸಿದ್ದು," ಎಂದ ಸೈಲಾವ್.

ಪೊಲೀಸನಾದರೂ ನಮ್ಮಲ್ಲಿ ಬೂಟು ಹಾಕಿಕೊಂಡು ಮನೆಯೊಳಗೆ ಬರುವುದಿಲ್ಲ. ಬೆಕ್ಸುಲ್ತಾನ್ ಬೂಟು ಬಿಚ್ಚಿ, ಬಚ್ಚಲುಮನೆಗೆ ಹೋದ. ಗೋಡೆಯ ಮೇಲೆ ಹೊಸ ಹಾವು, ಅದರ ಮೇಲೊಂದು ಟವೆಲ್. ಹಂಡೆ ಇಲ್ಲ, ಪೀಪಾಯಿ ಇಲ್ಲ. ಆದರೂ ಬೆಕ್ಸುಲ್ತಾನ್ ಹೊರಗೆ ಬರಲಿಲ್ಲ. ಬೆಳಗಿನಿಂದ ಹಿಮದಲ್ಲಿ ಅಲೆದ ಅವನ ಪಾದಗಳು ಆ ನೆಲಕ್ಕೆ ಅಂಟಿಕೊಂಡಿದ್ದವು. ಕಣ್ಣು ಅರ್ಧ ಮುಚ್ಚಿಕೊಂಡವು.

"ಏನು ಸಿಕ್ತು?" ಎಂದರು ಅಧ್ಯಕ್ಷೆ ಹೊರಗಿನಿಂದ.

"ತನಿಖೆ ನಡೀತಿದೆ," ಎಂದ ಬೆಕ್ಸುಲ್ತಾನ್, ಕಾಲುಚೀಲ ಕೂಡ ಬಿಚ್ಚುತ್ತ.

ಅಧ್ಯಕ್ಷೆ ಒಳಗೆ ನುಗ್ಗಿದರು. ಕಾಲಿಟ್ಟ ಕೂಡಲೇ ವಿಷಯ ತಿಳಿಯಿತು. "ಬೆಚ್ಚಗಿನ ನೆಲ," ಎಂದರು. ಆಮೇಲೆ ಅದೇ ಮಾತನ್ನು, ಪ್ರೀತಿಸಿದವನಿಂದ ಮೋಸ ಹೋದವರ ದನಿಯಲ್ಲಿ, ಇನ್ನೊಂದು ಸಲ ಹೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋಗಿ ನಿಂತು ನೋಡಿ ಬಂದರು. ಹೋಗುವಾಗ ಸಿಟ್ಟಿತ್ತು, ಬರುವಾಗ ಸಿಟ್ಟಿನ ಜೊತೆ ಹೊಟ್ಟೆಕಿಚ್ಚೂ ಸೇರಿತ್ತು. ನಮ್ಮ ಹಾವು ಕೊಂದು ತಾನು ಕಾಲು ಕಾಯಿಸಿಕೊಂಡನಲ್ಲ ಎಂದು ಹೆಂಗಸರು, ಇಷ್ಟಕ್ಕೆ ಜಾಡಿ ಹೊತ್ತು ಎಂಟು ಮಹಡಿ ಹತ್ತಿದೆವಲ್ಲ ಎಂದು ಗಂಡಸರು.

"ಇವತ್ತೇ ಕಿತ್ತು ಹಾಕು," ಎಂದರು ಅಧ್ಯಕ್ಷೆ.

"ಅಯ್ಯೋ ಮೇಡಂ, ನಾಳೆ ಅಪಾನ್ನ ಕರ್ಕೊಂಡು ಬರ್ತೀನಿ. ಒಂದೇ ಒಂದು ಸಲ ಅವರು ಕಾಲಿಟ್ಟು ನೋಡಲಿ. ಆಮೇಲೆ ಕೀಳ್ತೀನಿ."

ನಾಳೆಯವರೆಗೆ ಕಾಯಬೇಕಾಗಲಿಲ್ಲ. ಮೆಟ್ಟಿಲ ಗುಂಪು ಇಬ್ಭಾಗವಾಯಿತು. ಅಪಾ ಬಂದರು. ಹಿಂದೆ ಕಾರಿನ ಕೀಲಿ ಹಿಡಿದು ಎರ್ಮೆಕ್. ಅಪಾ ಯಾರನ್ನೂ ನೋಡಲಿಲ್ಲ, ನೆಟ್ಟಗೆ ಸೈಲಾವನ ಎದುರು ನಿಂತರು.

"ಬಾಯಿ ತೆಗಿ."

ಸೈಲಾವ್ ತೆಗೆದ. ಅಪಾ ಮೂಸಿದರು. ಹೃದಯದ ಮದ್ದು ಅವರನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು.

"ನಿಜಾನೇ," ಎಂದರು.

"ಇಲ್ಲ ಅಪಾ," ಎಂದ ಬೆಕ್ಸುಲ್ತಾನ್, ಬಚ್ಚಲಿನಿಂದ ಬರಿಗಾಲಲ್ಲೇ ತಲೆ ಹೊರಗೆ ಹಾಕಿ. "ಸಾರಾಯಿ ಏನೂ ಇಲ್ಲ ಇಲ್ಲಿ. ನೆಲ ಬೆಚ್ಚಗಿದೆ ಅಷ್ಟೇ. ತುಂಬ ಬೆಚ್ಚಗಿದೆ."

ಅಪಾ ಅವನ ಬರಿಗಾಲು ನೋಡಿದರು, ಅರೆಮುಚ್ಚಿದ ಕಣ್ಣು ನೋಡಿದರು. "ನಿನಗೂ ಕುಡಿಸಿದಾನಾ? ನಿಮ್ಮಮ್ಮ ಗೊತ್ತು ನನಗೆ. ಹೋಗು, ಬೂಟು ಹಾಕ್ಕೊಂಡು ಮನೆಗೆ ಹೋಗು."

ಅಧ್ಯಕ್ಷೆ ಏನೋ ವಿವರಿಸಲು ಹೋದರು. ಕೊಳವೆ, ಸುತ್ತು, ಅನುಮತಿ ಎಂದೆಲ್ಲ ಶುರುಮಾಡಿದರು. ಅಪಾ ಕೈಯೆತ್ತಿದರು. ಆ ಕೈ ಎತ್ತಿದರೆ ಹುಲ್ಲುಗಾವಲಿನಲ್ಲಿ ಓಡುವ ಕುದುರೆಯೂ ನಿಲ್ಲುತ್ತದೆ.

"ತಪ್ಪು ನಂದು," ಎಂದರು. "ನಾನು ಬೆಚ್ಚಗೆ ಟವೆಲ್ ಹೊದ್ದು ಅಲ್ಲಿ ಕೂತೆ. ಇಲ್ಲಿ ಇವನು ಸಂಜೆ ಹೊತ್ತು ಕೈಗೆ ಕೆಲಸ ಇಲ್ದೆ ಹಾಳಾದ. ಎರ್ಮೆಕ್, ನನ್ನ ಗಂಟು, ನಮಾಜಿನ ಹಾಸು ತಂದುಬಿಡು. ಇವನು ಬಿಡೋವರೆಗೂ ನಾನಿಲ್ಲಿಂದ ಕದಲಲ್ಲ."

"ಅಪಾ, ಇವರು ಕುಡಿದೇ ಇಲ್ಲ ಅಂತ ಪೊಲೀಸ್ರೇ ಹೇಳ್ತಿದಾರಲ್ಲ," ಎಂದ ಎರ್ಮೆಕ್. ಅವನ ದನಿಯಲ್ಲಿ ಜೇನು ಎಲ್ಲೋ ಖಾಲಿಯಾಗಿತ್ತು. "ಸೈಲಾವಣ್ಣಾ, ಹೇಳಿ ನೀವೇ. ಕುಡಿದಿದೀರಾ?"

ಮನೆಯಲ್ಲಿ, ಮೆಟ್ಟಿಲಲ್ಲಿ ಎಲ್ಲರೂ ಸೈಲಾವನ ಬಾಯಿ ನೋಡಿದರು. ಈ ಮನುಷ್ಯ ಜೀವಮಾನದಲ್ಲಿ ಕುದುರೆ ಹಾಲಿನ ಹುಳಿ ಕುಮಿಸ್ ಕುಡಿದರೂ ತಲೆ ತಿರುಗಿ ಗೋಡೆ ಹಿಡಿದುಕೊಳ್ಳುವವನು. ಅವನ ಪರವಾಗಿ ಸರ್ಕಾರವೇ ಬರಿಗಾಲಲ್ಲಿ ನಿಂತು ಸಾಕ್ಷಿ ಹೇಳುತ್ತಿದೆ. ಇಲ್ಲ ಎಂಬ ಒಂದೇ ಮಾತು ಹೇಳಿದರೆ ಮಾನ ಉಳಿಯುತ್ತದೆ. ಆದರೆ ಅಪಾ ಮತ್ತೆ ಎರ್ಮೆಕನ ಕಾರು ಹತ್ತುತ್ತಾರೆ.

"ಕುಡಿದಿದೀನಿ," ಎಂದ ಸೈಲಾವ್.

ಬಾಲ್ಕಿಯಾಳ ಕೈಯಿಂದ ಶೀಶೆ ಬಿತ್ತು.

"ದಿನಾ ಕುಡೀತೀನಿ ಅಪಾ. ಬಿಡ್ತೀನಿ. ಆದ್ರೆ ಒಂದೇ ಸಲಕ್ಕೆ ಬಿಡೋದು ಕಷ್ಟ ಅಂತಾರೆ."

"ಎಷ್ಟು ದಿನ ಬೇಕು?"

"ಈ ಚಳಿಗಾಲ ಪೂರ್ತಿ ಬೇಕಾಗಬಹುದು," ಎಂದ ಸೈಲಾವ್ ತಲೆ ತಗ್ಗಿಸಿ. "ಸಂಜೆ ಹೊತ್ತೇ ಜಾಸ್ತಿ ಕೈ ನಡುಗೋದು. ಕೈಗೆ ಏನಾದ್ರೂ ಕೊಟ್ರೆ ತಡ್ಕೋಬಹುದು. ಇಸ್ಪೀಟೋ ಏನೋ."

ನಾನು ನನ್ನ ಜೀವನದಲ್ಲಿ ಒಂದು ಲಕ್ಷ ಸುಳ್ಳು ಹೇಳಿದ್ದೇನೆ, ಒಂದೂ ಇದರ ಹತ್ತಿರ ನಿಲ್ಲುವುದಿಲ್ಲ. ಅಂದು ಮೊದಲ ಬಾರಿಗೆ ನನಗೂ ಸ್ವಲ್ಪ ಹೊಟ್ಟೆ ಉರಿಯಿತು.

ನೆಲವನ್ನು ಮರುದಿನವೇ ಕಿತ್ತೆವು. ಕೆಳಗಿನ ಮಹಡಿಗಳ ಹಾವುಗಳು ಜೀವ ಪಡೆದವು. ಸೈಲಾವನ ಬಚ್ಚಲಿನ ನೆಲ ಮತ್ತೆ ಮಂಜುಗಡ್ಡೆಯಾಯಿತು. ಬಾಲ್ಕಿಯಾ ಅಲ್ಲಿ ಕುರಿಚರ್ಮದ ತುಂಡೊಂದನ್ನು ಹಾಸಿದಳು. ಅಪಾ ಅದರ ಮೇಲೆ ಕುಪ್ಪಳಿಸುತ್ತ ಐದು ಹೊತ್ತು ಪಾದ ತೊಳೆಯುತ್ತಾರೆ. ಪ್ರತಿ ಸಲವೂ ಅಳಿಯನ ಕುಡಿತ ಬಿಡಿಸೆಂದು ದೇವರಿಗೆ ಮೊರೆಯಿಡುತ್ತಾರೆ. ಸಂಜೆ ಇಸ್ಪೀಟು. ಅಪಾ ಗೆಲ್ಲುತ್ತಾರೆ. "ಏನಪ್ಪಾ ದಡ್ಡ, ಇವತ್ತು ಕುಡೀಬೇಕು ಅನ್ನಿಸ್ತಾ?" ಎನ್ನುತ್ತಾರೆ. "ಸ್ವಲ್ಪ ಅನ್ನಿಸ್ತು ಅಪಾ," ಎನ್ನುತ್ತಾನೆ ಸೈಲಾವ್. "ಹಂಗಾದ್ರೆ ಇನ್ನೊಂದು ಆಟ," ಎಂದು ಅಪಾ ಎಲೆ ಹಂಚುತ್ತಾರೆ. ಬೀದಿಯಲ್ಲಿ ಸೈಲಾವ್ ನಡೆದರೆ ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಅವನು ಎಲ್ಲರಿಗೂ ನಗುತ್ತ ಟೋಪಿ ಎತ್ತುತ್ತಾನೆ.

ಇದಾದ ಮೇಲೆ ಒಂದು ಸಂಜೆ ಎರ್ಮೆಕ್ ನನ್ನ ಮನೆಗೆ ಬಂದ. ಬಂದವನು ಬಾಗಿಲಲ್ಲಿ ಕೊಟ್ಟ ಚಪ್ಪಲಿಯನ್ನು ಮಾತಿಲ್ಲದೆ ಹಾಕಿಕೊಂಡ, ಅಷ್ಟು ಇಳಿದುಹೋಗಿದ್ದ. ಮನೆ ತುಂಬ ನೆಲ ಬೆಚ್ಚಗಿದೆಯಂತೆ, ಏಣಿಯ ಮೇಲೆ ಟವೆಲ್ ಬಿಸಿಯಾಗಿದೆಯಂತೆ, ಅದನ್ನು ಒದ್ದೆ ಮಾಡುವವರೇ ಇಲ್ಲವಂತೆ. ನೆಂಟರೆಲ್ಲ ಅಪಾ ಇರುವ ಕಡೆಗೇ ಹೋಗುತ್ತಾರಂತೆ.

"ಕೈರೊಲ್ಲಾ ಅಣ್ಣಾ, ಊರಿಗೆ ಸುದ್ದಿ ಹಬ್ಬಿಸೋದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ," ಎಂದ. "ನನ್ನ ಮೇಲೂ ಏನಾದ್ರೂ ಒಂದು ಹಬ್ಬಿಸಿ."

"ಕುಡಿತ ಸೈಲಾವನಿಗೆ ಕೊಟ್ಟಾಯ್ತಲ್ಲಪ್ಪಾ," ಎಂದೆ. "ಇಬ್ಬರು ಅಳಿಯಂದಿರಿಗೂ ಅದನ್ನೇ ಹಚ್ಚಿದ್ರೆ ಯಾರೂ ನಂಬಲ್ಲ. ಜೂಜು ಇದೆ, ಬೇಕಾ?"

ಎರ್ಮೆಕ್ ಚಹಾ ಬಟ್ಟಲನ್ನು ಕೆಳಗಿಟ್ಟು ಹತ್ತಿರ ಸರಿದ.

"ಜೂಜಿಗಾದ್ರೆ," ಎಂದ, "ಅಪಾ ನಮ್ಮನೇಲಿ ಎಷ್ಟು ದಿನ ಇರ್ತಾರೆ?"